ಲಕ್ಷ್ಮೀಶ ಉಳಿದ, ನೀರುಗಂಟಿ ಉಳಿಯಲಿಲ್ಲ

ಆಫೀಸಿನಲ್ಲಿ ಯಾರಾದರೂ ‘ಯಾವೂರು ನಿಮ್ದು?’ ಅಂತ ಕೇಳಿದರೆ ಚಿಕ್ಕಮಗಳೂರು ಅಂದುಬಿಡುತ್ತೇನೆ. ತಕ್ಷಣ ಅವರ ಕಣ್ಣಲ್ಲಿ ಕಾಫಿ ತೋಟ, ಮಂಜು, ಹೋಂಸ್ಟೇ. ನಿರಾಸೆ ಮಾಡಲು ನನಗೂ ಮನಸ್ಸು ಬರಲ್ಲ. ನಮ್ಮದು ಕಡೂರು ಸೀಮೆ. ರಾಗಿ, ಈರುಳ್ಳಿ, ತೆಂಗು, ಒಣಗಿದ ಕೆರೆ. ಬಾಬಾಬುಡನ್ ಬೆಟ್ಟದ ಆ ಕಡೆ ಧೋ ಅಂತ ಸುರಿಯುವ ಮಳೆ ಈ ಕಡೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಹೇಳಿಕೊಳ್ಳೋಕೆ ನಮಗಿರುವ ದೊಡ್ಡ ಹೆಸರು ದೇವನೂರು, ಜೈಮಿನಿ ಭಾರತದ ಲಕ್ಷ್ಮೀಶನ ಊರು. ನಮ್ಮ ಹಳ್ಳಿಯಿಂದ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರ. ಲಕ್ಷ್ಮೀಶ ಕಾವ್ಯ ಒಪ್ಪಿಸಿದ್ದು ಇದೇ ದೇವರಿಗೆ ಅಂತ ಅಲ್ಲಿನ ಲಕ್ಷ್ಮೀಕಾಂತನ ಗುಡಿಯನ್ನ ತೋರಿಸುತ್ತಾರೆ.

ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು 16ನೇ ಶತಮಾನ ಅನ್ನುತ್ತಾರೆ, ಇನ್ನು ಕೆಲವರು 1700ರ ಹತ್ತಿರಕ್ಕೆ ತರುತ್ತಾರೆ. ಊರಿನ ಬಗ್ಗೆಯೂ ತಕರಾರಿದೆ. ಕವಿ ಹೇಳುವ ದೇವಪುರ ನಮ್ಮದು ಅಂತ ಸುರಪುರ ಕಡೆಯವರ ವಾದ. ನಾನು ಕಡೂರಿನವನು, ಈ ವಿಷಯದಲ್ಲಿ ನನ್ನ ತೀರ್ಪು ಕೇಳಬೇಡಿ.

ಕುರುಕ್ಷೇತ್ರ ಮುಗಿದ ಮೇಲೆ ಧರ್ಮರಾಯ ಬಿಟ್ಟ ಯಾಗದ ಕುದುರೆಯ ಹಿಂದೆ ಓಡುವ ಕಥೆ ಅದು. ಸುಧನ್ವ, ಪ್ರಮೀಳೆ, ಬಭ್ರುವಾಹನ, ಚಂದ್ರಹಾಸ ಎಲ್ಲ ಈ ದಾರಿಯಲ್ಲೇ ಸಿಗುತ್ತಾರೆ. ಒಟ್ಟು 34 ಸಂಧಿ, 1907 ಪದ್ಯ. ಎಲ್ಲವೂ ವಾರ್ಧಕ ಷಟ್ಪದಿ. ಹೈಸ್ಕೂಲಲ್ಲಿ ಛಂದಸ್ಸು ಅಂದರೆ ಎರಡು ಮಾರ್ಕಿನ ಪ್ರಶ್ನೆ ಅಷ್ಟೇ ಆಗಿತ್ತು ನಂಗೆ. ಅದರ ಬೆಲೆ ಗೊತ್ತಾಗಿದ್ದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ. ಲೆಕ್ಕ ನೋಡಿ. ಆರು ಸಾಲಿನ ಪದ್ಯದಲ್ಲಿ 1, 2, 4, 5ನೇ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಅಂದರೆ ಇಪ್ಪತ್ತು ಮಾತ್ರೆ. 3 ಮತ್ತು 6ನೇ ಸಾಲಿಗೆ ಅಂಥದೇ ಆರು ಗಣ, ಮೇಲೊಂದು ಗುರು, ಅಲ್ಲಿಗೆ ಮೂವತ್ತೆರಡು. ಒಟ್ಟು 144. ಸಾಲದ್ದಕ್ಕೆ ಆರೂ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ತಾಳೆಗರಿ ನಕಲು ಮಾಡುವವನು ನಿದ್ದೆಗಣ್ಣಲ್ಲಿ ಒಂದಕ್ಷರ ಬಿಟ್ಟರೆ ಸಾಲು ಕುಂಟುತ್ತದೆ, ಮುಂದಿನ ಓದುಗನ ಕಿವಿ ಅದನ್ನ ಹಿಡಿಯುತ್ತದೆ. ನಾವು ಫೈಲ್ ಕಳಿಸುವಾಗ ಚೆಕ್‌ಸಮ್ ಅಂತ ಒಂದು ಅಂಕೆ ಜೊತೆಗೆ ಕಳಿಸುತ್ತೇವಲ್ಲ, ದಾರಿಯಲ್ಲಿ ಏನಾದ್ರೂ ಕೆಟ್ಟಿದ್ದರೆ ಗೊತ್ತಾಗಲಿ ಅಂತ, ಹೆಚ್ಚುಕಡಿಮೆ ಅದೇ. ಪದಗಳ ನಡುವೆ ಜಾಗವನ್ನೂ ಬಿಡದ ಗರಿಗಳ ಮೇಲೆ ಒಂದು ಕಾವ್ಯ ಶತಮಾನಗಳನ್ನ ದಾಟಿದ್ದರಲ್ಲಿ ಈ ಉಪಾಯದ ಪಾಲು ದೊಡ್ಡದು.

ಆ ಚೆಕ್‌ಸಮ್ ಕೆಲಸ ಮಾಡಿದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮಜ್ಜ ಶ್ರಾವಣದ ಸಂಜೆ ಜಗಲಿ ಮೇಲೆ ಕೂತು ಜೈಮಿನಿ ಓದೋರು. ಜಗಲಿ ತುಂಬ ಜನ. ಕೆಳಗೆ ಬೀದಿಯಲ್ಲಿ, ಒರಳುಕಲ್ಲಿನ ಪಕ್ಕ, ಕಂಬಳಿ ಹೊದ್ದು ನಮ್ಮೂರ ನೀರುಗಂಟಿ ಕೂರುತ್ತಿದ್ದರು. ಆ ದಿನ ಬಭ್ರುವಾಹನನ ಪ್ರಸಂಗ. ಅಜ್ಜನ ಕನ್ನಡಕ ಜಾರಿತೋ ಏನೋ, ಒಂದು ಸಾಲು ಹಾರಿತು. ಜಗಲಿ ಮೇಲಿದ್ದ ಒಬ್ಬರಿಗೂ ಗೊತ್ತಾಗಲಿಲ್ಲ. ಬೀದಿಯಿಂದ ದನಿ ಬಂತು, ಬಿಟ್ಟುಹೋದ ಸಾಲು ಪೂರ್ತಿ, ರಾಗವಾಗಿ. ಅಜ್ಜ ಪುಸ್ತಕ ನೋಡಿ ‘ಹೌದು ಕಣಲೇ’ ಅಂದು ಮುಂದೆ ಓದಿದರು. ಆ ಮನುಷ್ಯನಿಗೆ ಓದೋಕೆ ಬರೆಯೋಕೆ ಬರ್ತಿರಲಿಲ್ಲ. ಎಪ್ಪತ್ತು ದಾಟಿತ್ತು. ನಾನು, ಆರನೇ ಕ್ಲಾಸಿನ ಹುಡುಗ, ಅವರನ್ನ ಹೆಸರು ಹಿಡಿದು ಏಕವಚನದಲ್ಲಿ ಕರೀತಿದ್ದೆ. ಊರಲ್ಲಿ ನಮ್ಮ ಕಡೆಯ ಮಕ್ಕಳೆಲ್ಲ ಹಾಗೇ ಕರೀತಿದ್ದರು.

ನೀರುಗಂಟಿ ಅಂದರೆ ಏನು ಅಂತ ಈಗಿನವರಿಗೆ ಹೇಳಬೇಕಾಗುತ್ತದೆ. ಕೆರೆಯ ತೂಬು ಎತ್ತಿ ಇಳಿಸಿ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚುವವನು. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ತಳವಾರ ಅಂತ ಹಳೇ ಮೈಸೂರಿನ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರ ಲೆಕ್ಕವಿತ್ತು, ಅದರಲ್ಲಿ ಇವನೂ ಒಬ್ಬ. ಸಂಬಳ ಇಲ್ಲ, ಸುಗ್ಗಿಯಲ್ಲಿ ಕಾಳು. ಬಹುತೇಕ ಕಡೆ ಈ ಕೆಲಸ ದಲಿತ ಮನೆತನಗಳದ್ದು. ಆ ಅಜ್ಜ ಕೆರೆಯೊಳಗಿನ ಒಂದು ಬಂಡೆ ಎಷ್ಟು ಮುಳುಗಿದೆ ಅಂತ ನೋಡಿ ಇನ್ನೆಷ್ಟು ದಿನದ ನೀರಿದೆ ಅಂತ ಹೇಳೋರು. ಕೆರೆ ಅರ್ಧ ತುಂಬಿದ ವರ್ಷ ಎಲ್ಲಿಯವರೆಗೆ ನಾಟಿ ಮಾಡಬಹುದು, ಅವರದೇ ಮಾತು. ಏರಿಯಲ್ಲಿ ಏಡಿ ಬಿಲ ಕೊರೆದಿದ್ದರೆ, ಇರುವೆ ಗೂಡು ಕಟ್ಟಿದ್ದರೆ ಅವರಿಗೇ ಮೊದಲು ಕಾಣುತ್ತಿತ್ತು. ನೀರಿನ ತಿರುವು ಒಂದೂ ಬರೆದಿಟ್ಟಿದ್ದಲ್ಲ, ಎಲ್ಲ ತಲೆಯಲ್ಲೇ.

ಇದನ್ನ ವಿಜ್ಞಾನ ಅಂತ ಕರೆಯೋಕೆ ನಂಗೇನೂ ಸಂಕೋಚ ಇಲ್ಲ. ನಮ್ಮ ತಾಲ್ಲೂಕಿನ ನಕ್ಷೆ ನೋಡಿದರೆ ಸಾಕು. ಬೆಟ್ಟದಿಂದ ಇಳಿಯುವ ಒಂದು ಹಳ್ಳ ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆಗೆ, ಇನ್ನೊಂದು ಮದಗದ ಕೆರೆಗೆ. ಎರಡರ ಕೋಡಿ ನೀರು ವೇದಾ, ಅವತಿ ಅಂತ ಹರಿದು ಕಡೂರಿನ ಬಳಿ ಕೂಡಿ ವೇದಾವತಿ ಆಗುತ್ತದೆ. ಅಯ್ಯನಕೆರೆಯನ್ನ ರುಕ್ಮಾಂಗದ ರಾಯ ಕಟ್ಟಿಸಿದ ಅನ್ನೋದು ಐತಿಹ್ಯ, ಹೊಯ್ಸಳರ ಕಾಲದಲ್ಲಿ 1156ರಲ್ಲಿ ಜೀರ್ಣೋದ್ಧಾರವಾಯಿತು. ಮುಂದೆ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಅದೇ ವೇದಾವತಿಗೆ ಅಣೆಕಟ್ಟು ಕಟ್ಟಿ ಮುಗಿಸಿದ್ದು 1907ರಲ್ಲಿ. (ಲಕ್ಷ್ಮೀಶನ ಪದ್ಯಗಳೂ 1907! ಇದರಲ್ಲಿ ಅರ್ಥ ಹುಡುಕಬೇಡಿ, ನಂಗೆ ಅಂಕೆ ಕಂಡರೆ ಹಿಗ್ಗು ಅಷ್ಟೇ.) 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ, ಹೌದು, ಬೆಂಗಳೂರಿನ ಸ್ಯಾಂಕಿ ಕೆರೆಯ ಸ್ಯಾಂಕಿಯೇ, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕೋದೇ ಕಷ್ಟ ಅನ್ನೋ ಅರ್ಥದ ಮಾತು ಬರೆದ. ನಾಡಿನ ಸುಮಾರು 60% ನೆಲದ ನೀರು ಯಾವುದಾದರೊಂದು ಕೆರೆಗೆ ಹೋಗುತ್ತಿತ್ತು ಅಂತ ಅವನ ಲೆಕ್ಕ. ಶಾಸನಗಳು ಕೆರೆ ಕಟ್ಟಿಸಿದವನ ಹೆಸರು ಹೇಳುತ್ತವೆ, ದಾನ ಕೊಟ್ಟವನ ಹೆಸರು ಹೇಳುತ್ತವೆ, ಅಳಿಸಿದವನಿಗೆ ಶಾಪ ಹಾಕುತ್ತವೆ. ತೂಬು ಎತ್ತಿದವನ ಹೆಸರು ನಾನು ಓದಿದ ಯಾವ ಶಾಸನದಲ್ಲೂ ಇಲ್ಲ.

ಯಾಕಿಲ್ಲ ಅನ್ನೋದಕ್ಕೆ ಒಂದು ಹಳೇ ವರದಿ ನೆನಪಾಗುತ್ತದೆ. ನಮ್ಮ ವೇದಾವತಿ ಹಗರಿ ಅಂತ ಹೆಸರು ಬದಲಿಸಿಕೊಂಡು ಹೋಗಿ ಮುಟ್ಟುವ ಬಳ್ಳಾರಿ ಸೀಮೆಯದು. 1823ರಲ್ಲಿ ಅಲ್ಲಿನ ಕಲೆಕ್ಟರ್ ಕ್ಯಾಂಬೆಲ್ ತನ್ನ ಜಿಲ್ಲೆಯ ಶಾಲೆಗಳ ಲೆಕ್ಕ ಬರೆದ. 533 ಶಾಲೆ, ಅದರಲ್ಲಿ 235 ಕನ್ನಡದವು. ಮಕ್ಕಳು 6,641, ಹೆಣ್ಣುಮಕ್ಕಳು 60. ಮಕ್ಕಳು ಮರಳಲ್ಲಿ ಬೆರಳಾಡಿಸಿ ಅಕ್ಷರ ಕಲಿಯುತ್ತಾರೆ, ರಾಶಿ ರಾಶಿ ಪದ್ಯ ಒಪ್ಪಿಸುತ್ತಾರೆ, ಆದರೆ ಅರ್ಥ ಗಿಳಿಗೆ ಗೊತ್ತಿರುವಷ್ಟೇ ಅಂತ ಅವನ ಗೊಣಗಾಟ. ಗೊಣಗಾಟ ಇರಲಿ. ಅಕ್ಷರ ಇದ್ದ ಕೈಗಳು ಬರೆದಿದ್ದು ಕಾವ್ಯ, ಕಂದಾಯ. ನೀರು ಗೊತ್ತಿದ್ದ ಕೈಗೆ ಆ ಮರಳು ಸಿಗಲೇ ಇಲ್ಲ.

ಆಮೇಲಿನ ಕಾಲವೂ ಲಕ್ಷ್ಮೀಶನ ಕಡೆಗೇ ಇತ್ತು. 1840ರ ದಶಕದ ಕೊನೆಯಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಹಳಗಾವ್ಯಗಳನ್ನ ಕಲ್ಲಚ್ಚಿನಲ್ಲಿ ತರೋಕೆ ಶುರುಮಾಡಿದ, ಅವುಗಳಲ್ಲಿ ಜೈಮಿನಿಯೂ ಇತ್ತು. 1852ರಲ್ಲಿ ಬೆಂಗಳೂರಿನಲ್ಲಿ ಡೇನಿಯಲ್ ಸ್ಯಾಂಡರ್ಸನ್ ಅನ್ನೋ ಪಾದ್ರಿ ಇಂಗ್ಲಿಷ್ ಅನುವಾದ, ಟಿಪ್ಪಣಿ ಸೇರಿಸಿ ಅಚ್ಚು ಹಾಕಿಸಿದ. ಯಕ್ಷಗಾನ ಇದ್ದೇ ಇತ್ತು, ಗಮಕ ಇದ್ದೇ ಇತ್ತು. 1977ರಲ್ಲಿ ರಾಜ್‌ಕುಮಾರ್ ಬಭ್ರುವಾಹನನಾದರು. ಈಗ ಯೂನಿಕೋಡಿನಲ್ಲಿ ಇದೆ, ಫೋನಲ್ಲಿ ಹುಡುಕಿದರೆ ಸಿಗುತ್ತದೆ. ಸಾವಿರಾರು ನಕಲು ಇರುವ ಫೈಲು ಅದು, ಡಿಲೀಟ್ ಮಾಡೋಕೆ ಯಾರಿಂದಲೂ ಆಗಲ್ಲ.

ನೀರುಗಂಟಿಯದು ಒಂದೇ ನಕಲು. ಗ್ರಾಮ ಹುದ್ದೆಗಳನ್ನ ರದ್ದು ಮಾಡುವ ಕಾನೂನು 1961ರಲ್ಲಿ ಆಯಿತು, 1963ರಲ್ಲಿ ಜಾರಿಗೆ ಬಂತು. ಪಟೇಲ, ಶಾನುಭೋಗರ ವಂಶಪಾರಂಪರ್ಯದ ಜೊತೆ ಇದೂ ಕಾಗದದ ಮೇಲೆ ಹೋಯಿತು. ಹೋಗಬೇಕಾದ್ದೇ, ಹುಟ್ಟಿದ ಮನೆಯಿಂದ ಕೆಲಸ ಗೊತ್ತಾಗುವ ಏರ್ಪಾಡು ಅದು. ನಮ್ಮೂರಲ್ಲಿ ಆ ಅಜ್ಜ ಮಾತ್ರ ಕಾಲು ನಡೆಯುವವರೆಗೂ ಏರಿ ಮೇಲೆ ಓಡಾಡಿಕೊಂಡಿದ್ದರು. ಆಮೇಲೆ ಬೋರ್‌ವೆಲ್ ಬಂತು. ತೂಬು ಯಾರಿಗೂ ಬೇಕಾಗಲಿಲ್ಲ. ಈಗ ನಮ್ಮ ತೋಟದಲ್ಲಿರೋದು ಮೂರನೇ ಬೋರು, 900 ಅಡಿ.

ಎರಡು ವರ್ಷದ ಹಿಂದೆ ಮಳೆ ಹುಚ್ಚೆದ್ದು ಸುರಿದು ಕೆರೆ ತುಂಬಿತು. ಊರಿಗೆ ಊರೇ ಬಾಗಿನ ಬಿಟ್ಟು ಸೆಲ್ಫಿ ತಗೊಂಡಿತು. ನಾನೂ ತಗೊಂಡೆ. ಆಮೇಲೆ ಏರಿಯ ಒಂದು ಕಡೆ ನೀರು ಜಿನುಗೋಕೆ ಶುರುವಾಯಿತು. ತೂಬು ಎತ್ತಿ ನೀರು ಇಳಿಸೋಣ ಅಂದರೆ ಎತ್ತೋದು ಹೇಗೆ ಅಂತ ಯಾರಿಗೂ ಗೊತ್ತಿಲ್ಲ. ಕಲ್ಲುಕಂಬಗಳ ನಡುವಿನ ಮರದ ಬಿರಡೆ ಯಾವತ್ತೋ ಹೂಳಲ್ಲಿ ಸೇರಿಹೋಗಿತ್ತು. ರಾತ್ರಿ ಹನ್ನೊಂದಕ್ಕೆ ಜೆಸಿಬಿ ತರಿಸಿದರು. ಅದು ತೂಬಿನ ಕಂಬಗಳನ್ನೇ ಕಿತ್ತು ದಡಕ್ಕೆ ಹಾಕಿತು. ಏರಿ ಉಳಿಯಿತು. ಕೆರೆ ಹದಿನೈದು ದಿನದಲ್ಲಿ ಖಾಲಿ.

ಆ ಅಜ್ಜನ ಮೊಮ್ಮಗ ನನ್ನ ಕ್ಲಾಸ್‌ಮೇಟು, ಬೆಂಗಳೂರಲ್ಲೇ ಇದ್ದಾನೆ, ಬ್ಯಾಂಕಿನಲ್ಲಿ. ಫೋನ್ ಮಾಡಿದೆ. ಅಜ್ಜ ನೀರಿನ ವಿಷಯ ಏನಾದರೂ ಹೇಳಿಕೊಟ್ಟಿದ್ದರಾ, ನೆನಪಿರೋದನ್ನ ಬರೆದಿಡೋಣ ಅಂದೆ. ಒಳ್ಳೆ ಕೆಲಸ ಮಾಡುತ್ತಿದ್ದೇನೆ ಅನ್ನೋ ಹುಮ್ಮಸ್ಸು ನಂಗೆ.

‘ಇಲ್ಲ ಕಣೋ’ ಅಂದ. ‘ನಮ್ಮಪ್ಪಂಗೇ ಹೇಳ್ಕೊಟ್ಟಿಲ್ಲ. ಅಪ್ಪ ತೂಬಿನ ಹತ್ರ ಹೋದ್ರೆ ಕಲ್ಲು ತಗೊಂಡು ಓಡಿಸ್ತಿತ್ತಂತೆ. ಇದನ್ನ ಕಲಿತ್ರೆ ನಿಂಗೂ ಇದೇ ಗತಿ, ಸ್ಕೂಲಿಗೆ ಹೋಗು ಅಂತ.’

ನಂಗೆ ಏನು ಹೇಳಬೇಕೋ ತೋಚಲಿಲ್ಲ. ಮರೆತುಹೋದದ್ದು ಅಂದುಕೊಂಡಿದ್ದೆ. ಅಜ್ಜ ಬೇಕಂತಲೇ ನಿಲ್ಲಿಸಿದ್ದರು.

‘ಜೈಮಿನಿ ಮಾತ್ರ ನಮಗೆಲ್ಲ ಹೇಳ್ಕೊಟ್ಟಿತ್ತು’ ಅಂದ ಅವನೇ. ‘ಚಂದ್ರಹಾಸನ ಕಥೆ ಈಗ್ಲೂ ನನ್ನ ಮಗಳಿಗೆ ಹೇಳ್ತೀನಿ.’ ಒಂದು ಗಳಿಗೆ ಸುಮ್ಮನಿದ್ದು ಕೇಳಿದ, ‘ಆ ತೂಬಿನ ಕಲ್ಲು ಈಗ ಎಲ್ಲಿದೆ?’

ಏರಿ ಪಕ್ಕ ಬಿದ್ದಿದೆ ಅಂದೆ.

‘ಊರಿಗೆ ಹೋದಾಗ ಒಂದು ಫೋಟೋ ಕಳ್ಸು’ ಅಂದ.