ತೊಗಲುಗೊಂಬೆಯಿಂದ ಓಡುವ ಚಿತ್ರದವರೆಗೆ

ಬ್ಯಾಂಕಿನಲ್ಲಿ ಗುಮಾಸ್ತನಾಗಿ ನೋಟಿನ ಕಟ್ಟು ಎಣಿಸುತ್ತಲೇ ಆಯುಷ್ಯ ಕಳೆದವನು ನಾನು. ಮೊನ್ನೆ ಮೊಮ್ಮಗ ನೋಟ್ ಪುಸ್ತಕದ ಹಾಳೆಹಾಳೆಯ ಮೂಲೆಯಲ್ಲೂ ಹಕ್ಕಿ ಬರೆದಿದ್ದ. "ಓದೋದು ಬಿಟ್ಟು ಇದೇನೋ?" ಎಂದು ಗದರಿದೆ. ಅವನು ಮಾತಾಡದೆ, ನಾನು ನೋಟು ಎಣಿಸುವಂತೆಯೇ ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟ. ಹಕ್ಕಿ ರೆಕ್ಕೆ ಬಡಿದು ಹಾರಿತು! ಗದರಿದ್ದಕ್ಕೆ ನಾಚಿಕೆಯಾಯಿತು. ಆನಿಮೇಷನ್ ಎಂಬ ಕಲೆಯ ಮೊದಲ ಪಾಠವೇ ಅದು.

ಈ ಕಲೆ ನಮಗೆ ತೀರಾ ಹೊರಗಿನದೇನಲ್ಲ. ಮಡಕಶಿರಕ್ಕೆ ಹತ್ತಿರದ ಲೇಪಾಕ್ಷಿ ಗುಡಿಯಲ್ಲಿ, ವಿಜಯನಗರದ ಕಾಲದ ಶಿಲ್ಪಿ ಒಂದೇ ಮೈಗೆ ಮೂರು ತಲೆಯಿರುವ ಬಸವನನ್ನು ಕಡೆದಿದ್ದಾನೆ. ಎರಡು ತಲೆಗಳನ್ನು ಅಂಗೈಯಿಂದ ಮುಚ್ಚಿದರೆ ಉಳಿದದ್ದು ಬೇರೆಯೇ ಭಂಗಿ. ಕಲ್ಲಿನಲ್ಲೇ ಚಲನೆ ತೋರಿಸುವ ಆಸೆ ಅದು.

ಇನ್ನು ತೊಗಲುಗೊಂಬೆ. ದೀಪದ ಮುಂದೆ ಕೈಕಾಲು ಆಡಿಸುವ ಬಣ್ಣದ ಚರ್ಮ. 1953ರ ಅಕ್ಟೋಬರ್ 1ರಂದು ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿತು. ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗೊಂಬೆಗಳು ಗಡಿ ಕೇಳಲಿಲ್ಲ. ಬಂಗಾರಕ್ಕ ಕನ್ನಡದಲ್ಲೂ ನಗಿಸಿದಳು, ತೆಲುಗಿನಲ್ಲೂ ನಗಿಸಿದಳು. ಧರ್ಮಾವರದ ಬಳಿಯ ನಿಮ್ಮಲಕುಂಟದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆದರೆ ಆಟ ಕಟ್ಟಿಸುವವರು ಕಡಿಮೆಯಾಗಿ, ಅಲ್ಲಿನ ಕುಶಲ ಕೈಗಳು ದೀಪದ ಬುರುಡೆಯ ಹೊದಿಕೆಗಳನ್ನೂ ಮಾಡುತ್ತಿವೆ.

ಇತ್ತ ಜರ್ಮನಿಯಲ್ಲಿ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು ಕಪ್ಪು ಕಾಗದದ ನೆರಳುಗೊಂಬೆ ಕತ್ತರಿಸಿ, ಚೂರುಚೂರೇ ಸರಿಸಿ, 1926ರಲ್ಲಿ ಪೂರ್ಣ ಚಲನಚಿತ್ರವನ್ನೇ ಹೊರತಂದರು. ನಮ್ಮಲ್ಲಿ 1956ರಲ್ಲಿ ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ತರುಣರಿಗೆ ತರಬೇತಿ ಕೊಟ್ಟರು. 1957ರಲ್ಲಿ ಜಾತಕ ಕಥೆಯ 'ಬನ್ಯನ್ ಡೀರ್' ತಯಾರಾಯಿತು. ಅಲ್ಲಿ ಕಲಿತ ರಾಮ್ ಮೋಹನ್ ಮುಂದೆ ಈ ಕಲೆಯ ಹಿರಿಯರಾದರು. 1974ರ 'ಏಕ್ ಅನೇಕ್ ಔರ್ ಏಕತಾ'ದಲ್ಲಿ ಬಲೆಯನ್ನೇ ಹೊತ್ತು ಹಾರಿದ ಹಕ್ಕಿಗಳನ್ನು ದೂರದರ್ಶನದಲ್ಲಿ ನೀವೂ ನೋಡಿರಬೇಕು.

ಲೆಕ್ಕ ಕೇಳಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿಗೆ ನಿಲ್ಲಿಸಿದರೂ ನಿಮಿಷಕ್ಕೆ 720 ಚಿತ್ರ ಬೇಕು. ಹಿಂದೆ ಗಾಜಿನ ಕೆಳಗೆ ದೀಪವಿಟ್ಟು, ಹಳೆಯ ಚಿತ್ರದ ಮೇಲೆ ಹೊಸ ಹಾಳೆ ಹಾಸಿ ಬರೆಯುತ್ತಿದ್ದರು. ಈಗ ಕಂಪ್ಯೂಟರಿನ ಪರದೆಯೇ ಹಿಂದಿನ ಚಿತ್ರವನ್ನು ಮಸುಕಾಗಿ ತೋರಿಸುತ್ತದೆ. ಪೆನ್ಸಿಲ್2ಡಿ, ಕ್ರಿಟಾ ಎಂಬ ತಂತ್ರಾಂಶಗಳಿಗೆ ದುಡ್ಡು ಕೊಡಬೇಕಿಲ್ಲ. ಆದರೆ ಬರೆಯುವ ಕೈ, ನೋಡುವ ಕಣ್ಣು ನಮ್ಮದೇ ಆಗಬೇಕು. ಪುಟಿಯುವ ಚೆಂಡಿನಿಂದ ಶುರು ಮಾಡಿ: ನೆಲ ಮುಟ್ಟುವಾಗ ಚಪ್ಪಟೆ, ಮೇಲೇರುವಾಗ ಉದ್ದ, ತುದಿಯಲ್ಲಿ ನಿಧಾನ.

ನಮ್ಮ ಮಕ್ಕಳು ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಟಿವಿಯ ಕಾರ್ಟೂನಿನಲ್ಲಿ ನಮ್ಮೂರ ಮಾತು ಕೇಳುವುದೇ ಇಲ್ಲ. ಬಂಗಾರಕ್ಕ ಮತ್ತೆ ಎರಡೂ ನುಡಿಯಲ್ಲಿ ಮಾತಾಡಬೇಕಾದರೆ, ಅವಳನ್ನು ಬರೆಯುವವರು ನಮ್ಮ ಮನೆಯಲ್ಲೇ ಹುಟ್ಟಬೇಕು. ನೋಟ್ ಪುಸ್ತಕದ ಮೂಲೆಯಲ್ಲಿ ಹಕ್ಕಿ ಕಂಡರೆ ಗದರುವ ಮೊದಲು ಒಮ್ಮೆ ಹಾಳೆ ಸರಿಸಿ ನೋಡಿ. ನನ್ನ ಮೊಮ್ಮಗನಿಗೆ ನಾನೇ ಒಂದು ಹೊಸ ಪುಸ್ತಕ ತಂದುಕೊಟ್ಟಿದ್ದೇನೆ.