ಬಾತುಮರಿ ಯಾರ ಹಿಂದೆ ಹೋಯಿತು?

ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಬೇಸಾಯದ ಬಗ್ಗೆ ಲ್ಯಾಟಿನ್ನಿನಲ್ಲಿ ದೊಡ್ಡ ಗ್ರಂಥ ಬರೆದ ಕೊಲುಮೆಲ್ಲ, ಅದರ ಎಂಟನೆಯ ಸಂಪುಟದಲ್ಲಿ ಬಾತುಗಳಿಗೆ ಅಂಗಳ ಕಟ್ಟುವ ಕ್ರಮವನ್ನು ಹೇಳುತ್ತಾನೆ. ಸುತ್ತ 15 ಅಡಿ ಎತ್ತರದ ಗೋಡೆ, ಮೇಲೆ ಬಲೆಯ ಹೊದಿಕೆ, ನಡುವೆ ಕೊಳ. ಒಳಗಿನ ಹಕ್ಕಿ ಹಾರಿಹೋಗಬಾರದು, ಹೊರಗಿನ ಹದ್ದು ಒಳಗಿಳಿಯಬಾರದು. ಇಷ್ಟೊಂದು ಕಾವಲು ಬೇಕಿತ್ತೆಂದರೆ ರೋಮನ್ನರ ಬಾತು ಆಗಿನ್ನೂ ಪೂರ್ತಿಯಾಗಿ ಮನೆಯ ಹಕ್ಕಿಯಾಗಿರಲಿಲ್ಲ ಎಂದೇ ಅರ್ಥ. ಆದರೆ ಅದೇ ಅಧ್ಯಾಯದಲ್ಲಿ ಅವನು ಕೊಡುವ ಇನ್ನೊಂದು ಸಲಹೆ ಗೋಡೆಗಿಂತ ಗಟ್ಟಿಯಾದದ್ದು. ಹಾರಾಡಿ ಬೆಳೆದ ಹಕ್ಕಿಯನ್ನು ಹಿಡಿದು ತರಬೇಡಿ, ಸೆರೆಯಲ್ಲಿ ಅದು ಮೊಟ್ಟೆಯಿಡಲು ಹಿಂದೆಮುಂದೆ ನೋಡುತ್ತದೆ. ಬದಲಿಗೆ ಜೌಗಿನಿಂದ ಕಾಡುಬಾತಿನ ಮೊಟ್ಟೆಗಳನ್ನು ಆಯ್ದು ತಂದು ಮನೆಯ ಹೇಂಟೆಯ ಕೆಳಗೆ ಕಾವಿಗಿಡಿ, ಹಾಗೆ ಹುಟ್ಟಿ ಬೆಳೆದವು ಕಾಡಿನ ಗುಣವನ್ನು ಬಿಡುತ್ತವೆ ಎನ್ನುತ್ತಾನೆ.

ಬಾತನ್ನು ಪಳಗಿಸಬೇಕೆಂದರೆ ಬಾತನ್ನು ಹಿಡಿಯಬೇಕಿಲ್ಲ, ತಾಯಿಯನ್ನು ಬದಲಿಸಿದರೆ ಸಾಕು ಎಂಬ ತಿಳಿವಳಿಕೆ ಇದು. ನಮ್ಮ ಹಳ್ಳಿಗಳಲ್ಲೂ ಬಾತಿನ ಮೊಟ್ಟೆಯನ್ನು ಹೇಂಟೆಯ ಕೆಳಗಿಟ್ಟು ಮರಿ ಮಾಡಿಸುವ ರೂಢಿಯಿದೆ. ಕನ್ನಡ ಈ ಹಕ್ಕಿಯನ್ನು 'ಬಾತುಕೋಳಿ' ಎಂದು ಕರೆದದ್ದಕ್ಕೆ ಈ ಸಾಕುತಾಯಿಯೇ ಕಾರಣ ಎಂದು ಸಾಧಿಸಲು ನನ್ನ ಹತ್ತಿರ ಆಧಾರವೇನೂ ಇಲ್ಲ. ಆದರೂ ಆ ಹೆಸರು ನನಗೆ ಇಷ್ಟ.

ಇವತ್ತು ಮನೆಯಲ್ಲಿ ಬಾತು ಸಾಕಬಯಸುವವರು ಮೊದಲು ಕೇಳುವುದು ತಳಿಯನ್ನು. ಯಾವುದು ಸಾಧು, ಯಾವುದು ಗಲಾಟೆ, ಯಾವುದು ಮಡಿಲಲ್ಲಿ ಕೂರುತ್ತದೆ? ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಮಸ್ಕವಿಯೊಂದನ್ನು ಬಿಟ್ಟರೆ ಸಾಕುಬಾತುಗಳ ತಳಿಗಳೆಲ್ಲ ಒಂದೇ ಕಾಡುಹಕ್ಕಿಯ ಸಂತಾನ. ಗಂಡಿಗೆ ಮಿರುಗುವ ಹಸಿರು ತಲೆಯಿರುವ ಆ ಹಕ್ಕಿಯ ಹೆಸರು ಮಲಾರ್ಡ್. ತಳಿಯ ಪ್ರಶ್ನೆ ಸುಳ್ಳಲ್ಲ. ಬಿಳಿಯ ದಪ್ಪ ಪೆಕಿನ್ ನಿಜಕ್ಕೂ ಸಾಧುವೇ. ಆದರೆ ಪಳಗುವಿಕೆಯ ಇತಿಹಾಸ ಓದುತ್ತ ಹೋದರೆ ತಳಿಗಿಂತ ಹೆಚ್ಚಾಗಿ ಎದುರಾಗುವುದು ಮೊಟ್ಟೆಯೊಡೆದ ಮೊದಲ ಒಂದು ಹಗಲು, ಒಂದು ರಾತ್ರಿ. ಆ ಹೊತ್ತಿನಲ್ಲಿ ಮರಿಯ ಮುಂದೆ ಯಾರಿದ್ದರು, ಅವರಿಗೆ ಅದರಿಂದ ಏನು ಬೇಕಾಗಿತ್ತು ಎಂಬುದು.

ಪಳಗಿದ ಬಾತಿನಿಂದ ಮನುಷ್ಯರಿಗೆ ಬೇಕಾದದ್ದು ಯಾವಾಗಲೂ ಗೆಳೆತನವಲ್ಲ. ಡಚ್ಚರು ಕೊಳದ ಅಂಚಿನಿಂದ ಬಾಗಿದ ಕಾಲುವೆಗಳನ್ನು ತೋಡಿ, ಅವುಗಳ ಮೇಲೆ ಕಮಾನಿನಂತೆ ಬಲೆ ಹೊದಿಸಿ ಕಾಡುಬಾತುಗಳನ್ನು ಹಿಡಿಯುವ ವಿದ್ಯೆಯನ್ನು ಬೆಳೆಸಿದರು. 17ನೆಯ ಶತಮಾನದಲ್ಲಿ ಅದು ಇಂಗ್ಲೆಂಡಿಗೂ ಹೋಯಿತು. ತಟ್ಟಿಗಳ ಮರೆಯಲ್ಲಿ ಒಂದು ನಾಯಿ ಕಂಡೂ ಕಾಣದಂತೆ ಸುಳಿದಾಡುತ್ತಿತ್ತು, ಅದರ ಕುತೂಹಲಕ್ಕೆ ಬಾತುಗಳು ಹಿಂಬಾಲಿಸುತ್ತಿದ್ದವು. ಕೊಳದಲ್ಲಿ ಮೊದಲೇ ಇರುತ್ತಿದ್ದ ಸಾಕುಬಾತುಗಳು ಮೇಲೆ ಹಾರಿಹೋಗುವ ಹಿಂಡನ್ನು ಕೂಗಿ ಕೆಳಗಿಳಿಸುತ್ತಿದ್ದವು. ಹಳಗನ್ನಡ ಓದಿದವರಿಗೆ ಇಲ್ಲಿ 'ದೀವ' ಎಂಬ ಶಬ್ದ ನೆನಪಾಗಬಹುದು: ಕಾಡಿನ ಮೃಗವನ್ನು ಸೆಳೆಯಲೆಂದು ಬೇಟೆಗಾರ ಪಳಗಿಸಿ ಇಟ್ಟುಕೊಂಡ ಮೃಗ. ಯುರೋಪಿನಲ್ಲಿ ದೀವದ ಕೆಲಸಕ್ಕೆ ಸಾಕುತ್ತಿದ್ದ ಪುಟ್ಟ ಗಾತ್ರದ, ದೊಡ್ಡ ಗಂಟಲಿನ ಬಾತೇ ಇಂದು 'ಕಾಲ್ ಡಕ್' ಎಂಬ ಹೆಸರಿನಲ್ಲಿ ಮನೆಮನೆಯ ಮುದ್ದಿನ ಹಕ್ಕಿ. ನೆರೆಮನೆಯವರ ನಿದ್ದೆ ಕೆಡಿಸುವ ಅದರ ಕೂಗು ಒಂದು ಕಾಲದಲ್ಲಿ ಅದರ ಉದ್ಯೋಗವಾಗಿತ್ತು.

ಈ ಮೊದಲ ಹಗಲಿನ ಗುಟ್ಟನ್ನು ಲೋಕಪ್ರಸಿದ್ಧ ಮಾಡಿದವನು ಆಸ್ಟ್ರಿಯದ ಕೊನ್ರಾಡ್ ಲೊರೆನ್ಸ್. ಅವನಿಗಿಂತ ಮೊದಲು, 1873ರಲ್ಲಿ, ಡಗ್ಲಸ್ ಸ್ಪಾಲ್ಡಿಂಗ್ ಎಂಬ ಇಂಗ್ಲಿಷ್ ಮನೆಪಾಠದ ಮೇಷ್ಟ್ರು ಕೋಳಿಮರಿಗಳು ಕಣ್ಣಿಗೆ ಬಿದ್ದ ಯಾವುದೇ ಚಲಿಸುವ ವಸ್ತುವಿನ ಹಿಂದೆ ಹೋಗುವುದನ್ನು ಬರೆದಿದ್ದ. ಬರ್ಲಿನ್ನಿನ ಓಸ್ಕರ್ ಹೈನ್ರೋತ್ ಹೆಬ್ಬಾತಿನ ಮರಿಗಳಲ್ಲಿ ಅದನ್ನೇ ಕಂಡಿದ್ದ. ಆದರೆ 1935ರಲ್ಲಿ ಅದಕ್ಕೊಂದು ಸಿದ್ಧಾಂತದ ಮೈ ಕೊಟ್ಟವನು ಲೊರೆನ್ಸ್. ಮರಿಯ ಮನಸ್ಸಿನ ಮೇಲೆ ತಾಯಿಯ ರೂಪ ಒಮ್ಮೆ ಅಚ್ಚೊತ್ತಿಬಿಡುತ್ತದೆ, ಅದಕ್ಕೆ ಗೊತ್ತಾದ ಹೊತ್ತಿದೆ, ಆ ಹೊತ್ತು ಮೀರಿದರೆ ಮತ್ತೆ ಬಾರದು ಎಂದ.

ಲೊರೆನ್ಸ್‌ಗೆ ಇದು ಪ್ರಯೋಗಶಾಲೆಯಲ್ಲಿ ಹೊಳೆದದ್ದಲ್ಲ. ಬಾಲ್ಯದಲ್ಲಿ ಸೆಲ್ಮಾ ಲಾಗರ್‌ಲೋಫ್ ಬರೆದ ನಿಲ್ಸನ ಕಥೆ ಕೇಳಿ ತಾನೂ ಕಾಡು ಹೆಬ್ಬಾತಾಗಬೇಕೆಂದು ಆಸೆಪಟ್ಟ. ಅದು ಆಗದು ಎಂದು ತಿಳಿದಾಗ ಒಂದನ್ನು ಸಾಕಬೇಕೆಂದ. ಅದೂ ಕೂಡಿಬರದೆ ಸಾಕುಬಾತಿಗೆ ತೃಪ್ತಿಪಟ್ಟ. ನೆರೆಮನೆಯವರು ಕೊಟ್ಟ ಒಂದು ದಿನದ ಮರಿ ಅವನನ್ನೇ ಹಿಂಬಾಲಿಸಿತು. ಆಗಲೇ ತನ್ನ ಮೇಲೂ ಅಚ್ಚೊತ್ತಿತು ಎಂದು ಅವನು ನೊಬೆಲ್ ಪ್ರಶಸ್ತಿಯ ಸಂದರ್ಭದ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ.

ವಿಯೆನ್ನಾದ ಹತ್ತಿರದ ಆಲ್ಟೆನ್‌ಬರ್ಗ್‌ನ ಮನೆಯಲ್ಲಿ, ಮುಂದೆ, ಅವನಿಗೊಂದು ಒಗಟು ಎದುರಾಯಿತು. ಹೆಬ್ಬಾತಿನ ಮರಿ ಯಾರನ್ನಾದರೂ ತಾಯಿಯೆಂದು ಒಪ್ಪುತ್ತದೆ, ಮಲಾರ್ಡ್ ಮರಿ ಒಪ್ಪುವುದಿಲ್ಲ. ಮಸ್ಕವಿ ಬಾತಿನ ಕೆಳಗೆ ಹುಟ್ಟಿದ ಮಲಾರ್ಡ್ ಮರಿಗಳು ಮೈ ಒಣಗುತ್ತಲೇ ಅದನ್ನು ಬಿಟ್ಟು ಓಡಿದವು. ಬಿಳಿಯ ಪೆಕಿನ್ ಬಾತಿನ ಹಿಂದೆ ಮಾತ್ರ ಹೆತ್ತ ತಾಯಿಯ ಹಿಂದೆ ಹೋದಂತೆ ಹೋದವು. ಬಣ್ಣದಲ್ಲಾಗಲಿ ಗಾತ್ರದಲ್ಲಾಗಲಿ ಪೆಕಿನ್ ಕಾಡಿನ ಮಲಾರ್ಡಿನಂತೆ ಕಾಣುವುದಿಲ್ಲ. ಹಾಗಾದರೆ ಉಳಿದದ್ದು ದನಿ. ಎಷ್ಟೋ ಶತಮಾನಗಳ ಸಾಕಣೆಯಲ್ಲಿ ಮೈಯೆಲ್ಲ ಬದಲಾದರೂ ಪೆಕಿನ್ನಿನ 'ಕ್ವಾಕ್' ಮಲಾರ್ಡಿನದೇ ಆಗಿ ಉಳಿದಿತ್ತು. ಇದನ್ನು ಪರೀಕ್ಷಿಸಲು ಲೊರೆನ್ಸ್ ತಾನೇ ತಾಯಿಯಾದ. ಕುಕ್ಕರುಗಾಲಲ್ಲಿ ಕೂತು, ಎಡೆಬಿಡದೆ ಕ್ವಾಕ್ ಎನ್ನುತ್ತ, ಗಂಟೆಗಟ್ಟಲೆ ಹುಲ್ಲಿನಲ್ಲಿ ತೆವಳಿದ. ಎದ್ದು ನಿಂತರೆ ಮರಿಗಳು ಅಳುತ್ತಿದ್ದವು, ಕೂಗು ನಿಲ್ಲಿಸಿದರೂ ಅಳುತ್ತಿದ್ದವು. ಒಂದು ಹಬ್ಬದ ಭಾನುವಾರ ಬೇಲಿಯಾಚೆ ನಿಂತ ಪ್ರವಾಸಿಗರ ಕಣ್ಣಿಗೆ ಬಿದ್ದದ್ದು ಎತ್ತರದ ಹುಲ್ಲಿನಲ್ಲಿ ಅಂಬೆಗಾಲಿಡುತ್ತ ಬಾತಿನಂತೆ ಕೂಗುತ್ತಿದ್ದ ಗಡ್ಡಧಾರಿ. ಹುಲ್ಲಿನ ಮರೆಯಲ್ಲಿ ಮರಿಗಳು ಅವರಿಗೆ ಕಾಣುತ್ತಿರಲಿಲ್ಲ. 1949ರಲ್ಲಿ ಪುಸ್ತಕದಲ್ಲಿ ಬಂದ ಈ ಪ್ರಸಂಗ ಲೋಕದ ಓದುಗರನ್ನೆಲ್ಲ ನಗಿಸಿತು.

ಆ ನಗುವಿಗೂ ಒಂಬತ್ತು ವರ್ಷ ಮೊದಲು ಅದೇ ಲೇಖಕ ಇನ್ನೊಂದು ಬರಹ ಪ್ರಕಟಿಸಿದ್ದ. ಅದು ಸಾಕಣೆಯಿಂದ ಪ್ರಾಣಿಗಳ ಸಹಜ ನಡವಳಿಕೆ ಹೇಗೆ ಕೆಡುತ್ತದೆ ಎಂಬುದರ ಬಗ್ಗೆ. ಲೊರೆನ್ಸ್ 1938ರಲ್ಲಿ ನಾತ್ಸಿ ಪಕ್ಷ ಸೇರಿದ್ದ. 1940ರ ಆ ಲೇಖನದಲ್ಲಿ ಸಾಕುಹಕ್ಕಿಯನ್ನೂ ಕಾಡುಹಕ್ಕಿಯನ್ನೂ ಎದುರೆದುರು ನಿಲ್ಲಿಸಿ ಲೆಕ್ಕ ಹಾಕುತ್ತಾನೆ. ಸಾಕಿದ್ದರ ಹೊಟ್ಟೆ ಜೋಲುತ್ತದೆ, ಕಾಲು ಗಿಡ್ಡವಾಗುತ್ತದೆ, ತಿನ್ನುವ ಕೂಡುವ ಬಯಕೆ ಹೆಚ್ಚುತ್ತದೆ, ಜೊತೆಗಾತಿಯ ಆಯ್ಕೆ, ಮರಿಗಳ ಪಾಲನೆ ಸಡಿಲವಾಗುತ್ತವೆ. ಇಷ್ಟರಲ್ಲಿ ಕೆಲವು ನಿಜವಾಗಿ ಕಂಡ ಸಂಗತಿಗಳೇ. ಪೆಕಿನ್ ಹೆಣ್ಣು ಕಾವಿಗೆ ಕೂರುವುದು ಅಪರೂಪ ಎಂದು ಬಾತು ಸಾಕುವ ಯಾರೂ ಹೇಳುತ್ತಾರೆ. ಆದರೆ ಲೊರೆನ್ಸ್ ಅಲ್ಲಿಂದ ಒಂದೇ ನೆಗೆತದಲ್ಲಿ ಮನುಷ್ಯರಿಗೆ ಬರುತ್ತಾನೆ. ನಗರದ ನಾಗರಿಕ ಬದುಕು ಮನುಷ್ಯನ ಸಾಕಣೆ. ಅಲ್ಲೂ ಇದೇ ಕೇಡು ಹಬ್ಬುತ್ತಿದೆ. ಕಾಡಿನಲ್ಲಿ ಪ್ರಕೃತಿ ಮಾಡುತ್ತಿದ್ದ ಜರಡಿಯ ಕೆಲಸವನ್ನು ಇನ್ನು ಜನಾಂಗದ ಹೆಸರಿನಲ್ಲಿ ಪ್ರಭುತ್ವ ಮಾಡಬೇಕು ಎಂಬುದು ಅವನ ವಾದ. ಆ ಪ್ರಭುತ್ವ ಆಗ ಅದನ್ನೇ ಮಾಡುತ್ತಿತ್ತು.

ಮುಂದೆ ಅವನು ಆ ಬರಹಕ್ಕೆ ವಿಷಾದಿಸಿದ. ನಾತ್ಸಿ ಪರಿಭಾಷೆಯಲ್ಲಿ ಬರೆದದ್ದು ತಪ್ಪಾಯಿತು ಎಂದ. ಪರಿಭಾಷೆ ಎಂಬ ಮಾತನ್ನು ಗಮನಿಸಬೇಕು. 1973ರಲ್ಲಿ, ನೊಬೆಲ್ ಬಂದ ವರ್ಷವೇ, ನಾಗರಿಕ ಮನುಷ್ಯನ ಎಂಟು ಮಹಾಪಾಪಗಳನ್ನು ಕುರಿತು ಅವನು ತಂದ ಪುಸ್ತಕದಲ್ಲಿ ಆನುವಂಶಿಕ ಅವನತಿಯೂ ಒಂದು ಪಾಪವಾಗಿಯೇ ಇತ್ತು. ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯ ಅವನಿಗೆ ಕೊಟ್ಟಿದ್ದ ಗೌರವ ಡಾಕ್ಟರೇಟನ್ನು 2015ರಲ್ಲಿ, ಅವನು ತೀರಿಕೊಂಡ ಎಷ್ಟೋ ವರ್ಷಗಳ ನಂತರ, ಹಿಂತೆಗೆದುಕೊಂಡಿತು. ಹುಲ್ಲಿನಲ್ಲಿ ತೆವಳಿದ ಪ್ರೀತಿಯ ಗಡ್ಡಧಾರಿ ಬೇರೆ, 1940ರ ಲೇಖಕ ಬೇರೆ ಎಂದು ವಿಂಗಡಿಸಿ ನೋಡುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಾಡಿನದು ಶುದ್ಧ, ಮನೆಯದು ಕೆಟ್ಟದ್ದು ಎಂಬ ಒಂದೇ ಕಣ್ಣು ಎರಡರಲ್ಲೂ ಇದೆ. ಬಾತು ಅವನಿಗೆ ಹೆಬ್ಬಾತು ಸಿಗದಿದ್ದಾಗಿನ ಸಮಾಧಾನವಷ್ಟೆ. ವಿಚಿತ್ರವೆಂದರೆ ಅವನನ್ನು ಮರುಳು ಮಾಡಿದ ಲಾಗರ್‌ಲೋಫ್ ಕಾದಂಬರಿಯಲ್ಲಿ ಕಾಡು ಹೆಬ್ಬಾತುಗಳ ಜೊತೆ ಉತ್ತರದ ಕೊನೆಯವರೆಗೆ ಹಾರಿ ಸೈ ಅನ್ನಿಸಿಕೊಳ್ಳುವುದು ಹಿತ್ತಿಲಿನ ಒಂದು ಬಿಳಿಯ ಸಾಕುಹಕ್ಕಿ. ಪುಟ್ಟ ಲೊರೆನ್ಸ್ ಆ ಪಾತ್ರವನ್ನು ಹೇಗೆ ಓದಿಕೊಂಡನೋ.

ಯುದ್ಧದ ನಂತರ ಅಚ್ಚೊತ್ತುವಿಕೆ ಅಮೆರಿಕದ ಪ್ರಯೋಗಶಾಲೆಗಳಿಗೆ ಹೋಯಿತು. ಎಕ್‌ಹಾರ್ಡ್ ಹೆಸ್ ಒಂದು ವೃತ್ತಾಕಾರದ ಓಣಿ ಮಾಡಿಸಿ, ಅದರಲ್ಲಿ ಒಂದು ಬೊಂಬೆಬಾತನ್ನು ತಿರುಗಿಸಿ, ಅದರೊಳಗಿಂದ ಮನುಷ್ಯನ ದನಿ ಕೇಳಿಸಿದ. ಬೊಂಬೆ ಎಂದರೆ ಬೇಟೆಗಾರರು ನೀರಿನಲ್ಲಿ ತೇಲಿಬಿಡುವಂಥ ದೀವದ ಬಾತು. ಮಲಾರ್ಡ್ ಮರಿಗಳಲ್ಲಿ ಅಚ್ಚು ಅತ್ಯಂತ ಗಟ್ಟಿಯಾಗಿ ಕೂರುವುದು ಹುಟ್ಟಿದ 13ರಿಂದ 16 ಗಂಟೆಗಳ ನಡುವೆ ಎಂದು ಅವನು 1950ರ ದಶಕದ ಕೊನೆಯಲ್ಲಿ ಲೆಕ್ಕ ಕೊಟ್ಟ.

ಲೆಕ್ಕವನ್ನು ಇನ್ನೂ ಹಿಂದಕ್ಕೆ ಒಯ್ದವನು ಗಿಲ್ಬರ್ಟ್ ಗಾಟ್ಲೀಬ್. ಮರಿ ಹುಟ್ಟುವ ಮೊದಲೇ ಏನೋ ನಡೆದಿದೆ ಎಂಬುದು ಅವನ ಗುಮಾನಿ. ಉತ್ತರ ಕ್ಯಾರೊಲಿನಾದಲ್ಲಿ ಅವನು ಚೀನಾದಿಂದ ಬಂದಿದ್ದ ಹಿರಿಯ ವಿಜ್ಞಾನಿ ಕುವೊ ಜೊತೆ ಸೇರಿ ಬಾತಿನ ಮೊಟ್ಟೆಯ ಚಿಪ್ಪಿಗೆ ಕಿಟಕಿ ಕೊರೆದು ಭ್ರೂಣವನ್ನು ನೋಡುತ್ತಿದ್ದ. ಹೆಚ್ಚಾಗಿ ಬಳಸಿದ್ದು ಕಾಡಿನ ಮೊಟ್ಟೆಗಳನ್ನಲ್ಲ, ಪೆಕಿನ್ ಮೊಟ್ಟೆಗಳನ್ನು. ಯಾವ ತಾಯಿಯ ಕಾವನ್ನೂ ಕಾಣದೆ ಯಂತ್ರದಲ್ಲಿ ಬೆಳೆದ ಆ ಮರಿಗಳು ಹುಟ್ಟಿದೊಡನೆ ಕೋಳಿಯ ಕರೆಯನ್ನು ಬಿಟ್ಟು ಮಲಾರ್ಡ್ ತಾಯಿಯ ಕರೆಯ ಕಡೆ ನಡೆದವು. ಹಾಗಾದರೆ ಇದು ರಕ್ತದಲ್ಲಿ ಬಂದದ್ದೆ? ಗಾಟ್ಲೀಬ್ ಹುಟ್ಟುವ ಮುಂಚಿನ ದಿನಗಳಲ್ಲಿ ಭ್ರೂಣದ ದನಿಯನ್ನು ತಡೆದು, ಅದನ್ನು ಒಂಟಿಯಾಗಿ ಸದ್ದಿಲ್ಲದೆ ಇಟ್ಟ. ತನ್ನ ದನಿಯನ್ನಾಗಲಿ ಅಕ್ಕಪಕ್ಕದ ಮೊಟ್ಟೆಗಳ ದನಿಯನ್ನಾಗಲಿ ಕೇಳದ ಮರಿ ಹುಟ್ಟಿದ ಮೇಲೆ ತಾಯಿಯ ಕರೆಯನ್ನು ಕೋಳಿಯ ಕರೆಯಿಂದ ಬೇರ್ಪಡಿಸುವಲ್ಲಿ ಎಡವಿತು. ಹುಟ್ಟುಗುಣ ಎಂದು ಲೊರೆನ್ಸ್ ಕರೆದದ್ದು ಮೊಟ್ಟೆಯೊಳಗೆ ಕೇಳಿ ಕಲಿತ ಗುಣವೂ ಆಗಿತ್ತು. ಅಂದರೆ ಶುದ್ಧ ರಕ್ತವೊಂದು ಮೊದಲಿತ್ತು, ಸಾಕಣೆ ಅದನ್ನು ಕೆಡಿಸಿತು ಎಂಬ ಕಥೆಯ ಬುಡವೇ ಅಲುಗಾಡಿತು. ಅಲುಗಾಡಿಸಿದ್ದು ಹೀಗಳೆಯಲ್ಪಟ್ಟ ಬಿಳಿಯ ಸಾಕುಬಾತು.

1985ರಲ್ಲಿ ರಾಬರ್ಟ್ ಲಿಕ್‌ಲೈಟರ್ ಮತ್ತು ಗಾಟ್ಲೀಬ್ ಇನ್ನೊಂದು ಸಂಗತಿ ತೋರಿಸಿದರು. ಒಂಟಿಯಾಗಿ ಬೆಳೆದ ಮರಿ ತಾಯಿಯ ರೂಪವನ್ನು ಸರಿಯಾಗಿ ಹಿಡಿದುಕೊಳ್ಳುವುದಿಲ್ಲ. ಒಡಹುಟ್ಟಿದವರ ಜೊತೆ ಮೈಗೆ ಮೈ ತಾಗಿಸಿ ಬೆಳೆದರೆ ಮಾತ್ರ ಹಿಡಿದುಕೊಳ್ಳುತ್ತದೆ. ಬಾತು ಸಾಕುವವರಿಗೆ ಇದಕ್ಕಿಂತ ಕೆಲಸಕ್ಕೆ ಬರುವ ಪ್ರಬಂಧ ನಾನು ಕಂಡಿಲ್ಲ. ಒಂದೇ ಮರಿ ತಂದರೆ ಹೆಚ್ಚು ಪಳಗುತ್ತದೆ ಎನ್ನುವುದು ನಿಜ, ಅದಕ್ಕೆ ಬೇರೆ ದಿಕ್ಕಿಲ್ಲವಲ್ಲ. ಮನೆಯವರು ಕಾಲೇಜಿಗೆ, ಕೆಲಸಕ್ಕೆ ಹೋದಾಗ ದಿನವಿಡೀ ಅದು ಕೂಗುತ್ತದೆ. ದೊಡ್ಡದಾದ ಮೇಲೆ ಬಾತುಗಳ ನಡುವೆ ಬಿಟ್ಟರೆ ಅವುಗಳ ಭಾಷೆ ಅದಕ್ಕೆ ಒಗ್ಗುವುದಿಲ್ಲ. ಎರಡೋ ಮೂರೋ ತಂದು, ಮೊದಲ ದಿನಗಳಲ್ಲಿ ನೆಲಕ್ಕೆ ಕೂತು, ಮೆಲ್ಲಗೆ ಮಾತಾಡುತ್ತ, ಮೇಲಿನಿಂದ ಹದ್ದಿನಂತೆ ಕೈ ಇಳಿಸದೆ, ಅಂಗೈಯಲ್ಲಿ ಕಾಳು ಹಿಡಿದರೆ ಅವು ಬಾತುಗಳಾಗಿಯೂ ಉಳಿಯುತ್ತವೆ, ಸಲಿಗೆಯೂ ಬೆಳೆಯುತ್ತದೆ. ಕೋಳಿಮರಿಯ ಆಹಾರದಲ್ಲಿ ಬಾತುಮರಿಗೆ ಬೇಕಾದಷ್ಟು ನಿಯಾಸಿನ್ ಇರುವುದಿಲ್ಲ, ಕಾಲು ಸೋಲುತ್ತದೆ. ಹೇಂಟೆ ತಾಯಿಯಾಗಬಹುದು, ಹೇಂಟೆಯ ಊಟ ಆಗದು. ಮನುಷ್ಯನ ಹಿಂದೆ ಬರುವ ಮರಿಗೆ ರೆಕ್ಕೆಯಡಿಯ ಕಾವಿಲ್ಲ, ತಾಯಿಯ ಮೈಯಿಂದ ಬರುವ ಎಣ್ಣೆಯ ಲೇಪವಿಲ್ಲ. ಪುಕ್ಕ ಬರುವ ತನಕ ನೀರಾಟ ಸ್ವಲ್ಪ ಹೊತ್ತು, ಕಣ್ಣೆದುರಲ್ಲೇ ಆಗಬೇಕು.

ಮನೆಯಲ್ಲಿ ಮೊಟ್ಟೆಯಿಂದಲೇ ಮರಿ ಮಾಡಿಸುವವರು ಕೊನೆಯ ಎರಡು ಮೂರು ದಿನ ಕಾವುಪೆಟ್ಟಿಗೆಗೆ ಕಿವಿಗೊಟ್ಟು ನೋಡಬಹುದು. ಚಿಪ್ಪು ಇನ್ನೂ ಬಿರಿಯುವ ಮೊದಲೇ ಒಂದು ಮೊಟ್ಟೆಯಿಂದ ಸಣ್ಣ ಪೀಪಿಯಂಥ ಸದ್ದು ಬರುತ್ತದೆ. ಸ್ವಲ್ಪ ಹೊತ್ತಿಗೆ ಪಕ್ಕದ ಮೊಟ್ಟೆಯೂ ಕೂಗುತ್ತದೆ.