ಹಿತ್ತಲಿನ ಹೂವು, ಬಲಿಪೀಠದ ಅಲಂಕಾರ

ಆಗಸ್ಟ್ 30ರಿಂದ ಒಂಬತ್ತು ದಿನಗಳ ಕಾಲ ಉಡುಪಿ, ಕಾಪು, ಕಾರ್ಕಳ ಪರಿಸರದ ದೇವಾಲಯಗಳಿಗೆ ಮಕ್ಕಳು ಹೂವಿನ ಬುಟ್ಟಿ ಹಿಡಿದು ಬರುವ ದೃಶ್ಯ ನಿಮಗೆ ಚಿರಪರಿಚಿತ. ದಾಸವಾಳ, ಕೇಪುಳ, ಕರ್ಣಕುಂಡಲ, ನಂದಿಬಟ್ಟಲು, ಶಂಖಪುಷ್ಪ ಎಲ್ಲವೂ ಬೆರೆತು ಬಾಲ ಮರಿಯಮ್ಮನವರ ಪ್ರತಿಮೆಯ ಸುತ್ತ ಬಣ್ಣದ ಹಾಸಾಗುತ್ತವೆ. ಈ ಅಲಂಕಾರದ ಹಿಂದಿರುವ ಚರಿತ್ರೆಯನ್ನು ನಾವು ಎಂದಾದರೂ ಯೋಚಿಸಿದ್ದೇವೆಯೇ?

ಮಾತೆ ಮರಿಯಮ್ಮನವರ ಜನನದ ಹಬ್ಬ ಜೆರುಸಲೇಮಿನಲ್ಲಿ ಉಗಮಗೊಂಡು, ಏಳನೆಯ ಶತಮಾನದ ಹೊತ್ತಿಗೆ ರೋಮಿಗೆ ಬಂದಿತು. ಆದರೆ ಸೆಪ್ಟೆಂಬರ್ 8 ನಮ್ಮಲ್ಲಿ ತೆನೆಹಬ್ಬವಾದದ್ದು ನೆಲದ ಗುಣದಿಂದ. ಆಗ ಕರಾವಳಿಯ ಗದ್ದೆಗಳಲ್ಲಿ ತೆನೆ ಬಲಿಯುತ್ತದೆ. ತುಳುವರು ಹೊಸ ತೆನೆಯನ್ನು ಮಾವು, ಹಲಸಿನ ಎಲೆಗಳೊಡನೆ ಮನೆಯಲ್ಲಿ ಕಟ್ಟುವ ಕಾಲವೂ ಹೆಚ್ಚುಕಡಿಮೆ ಇದೇ. ಕ್ರೈಸ್ತರು ಆ ಕೃತಜ್ಞತೆಯನ್ನು ತಾಯಿಯ ಹಬ್ಬದೊಡನೆ ಹೆಣೆದರು.

‘ಮೊಂತಿ’ ಎಂಬ ಹೆಸರು ಬೆಟ್ಟ ಎಂಬರ್ಥದ ಪೋರ್ಚುಗೀಸ್ ಪದದಿಂದ ಬಂದಿದೆ. ಫರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಲ್ಲಿ ಗೋವಾ ಮೂಲದ ವಂದನೀಯ ಜೋಕಿಂ ಮಿರಾಂಡರು 1763ರಲ್ಲಿ ಈ ಆಚರಣೆಯನ್ನು ಆರಂಭಿಸಿದರೆಂಬುದು ಪರಂಪರೆಯ ನಂಬಿಕೆ. ಅನಂತರ 1784ರಲ್ಲಿ ಟಿಪ್ಪು ಸುಲ್ತಾನರು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು. ಹಲವು ದೇವಾಲಯಗಳು ನೆಲಸಮವಾದವು. 1799ರಲ್ಲಿ ಬಿಡುಗಡೆಗೊಂಡು ಮರಳಿದವರಿಗೆ ಮನೆಯೂ ಹೊಲವೂ ಕೈತಪ್ಪಿದ್ದವು. ಆದರೂ ಹಬ್ಬ ಅಳಿಯಲಿಲ್ಲ. ಬೇಲಿಬದಿಯ ಹೂವಿಗೆ ಬೆಲೆ ತೆರಬೇಕಿರಲಿಲ್ಲ. ಬಡವನ ಮಗುವೂ ಅದನ್ನು ತರಬಲ್ಲದು. ಹೂವಿನ ಸಂಪ್ರದಾಯ ಬಾಳಿ ಬಂದುದಕ್ಕೆ ಇದೂ ಒಂದು ಕಾರಣವಿದ್ದೀತು.

ಇಂದು ಈ ಸರಳತೆಗೆ ಸಂಚಕಾರ ಬಂದಿದೆ. ಮಣಿಪಾಲದ ಮುರಕಲ್ಲಿನ ಪದವಿನಲ್ಲಿ ವಸತಿ ಸಮುಚ್ಚಯಗಳು ಎದ್ದಿವೆ; ಅಲ್ಲಿನ ಮಗುವಿಗೆ ಹಿತ್ತಲೇ ಇಲ್ಲ. ಪೇಟೆಯಲ್ಲಿ ಮೊಳಗಟ್ಟಲೆ ಸೇವಂತಿಗೆ ಕೊಂಡು ತರುವುದು ಸುಲಭ. ಹೂ ಬೆಳೆದು ಮಾರುವವರ ಶ್ರಮವನ್ನು ನಾನು ಕಡೆಗಣಿಸಲಾರೆ. ಶಂಕರಪುರದ ಮಲ್ಲಿಗೆ ಎಷ್ಟೋ ಕ್ರೈಸ್ತ ಕುಟುಂಬಗಳಿಗೆ ಅನ್ನ ನೀಡಿದೆ. ಆದರೆ ಎಲ್ಲರೂ ಹೂವನ್ನು ಕೊಂಡೇ ತರುವುದಾದರೆ, ಕೊಳ್ಳಲಾಗದ ಮಗು ಬರಿಗೈಯಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಸಮಾನತೆಯ ಹಬ್ಬ ಅಂತಸ್ತಿನ ಹಬ್ಬವಾಗುವುದು ಹೀಗೆಯೇ.

ಆದುದರಿಂದ ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೆ: ಮುಂಜಾನೆ ಮಗುವಿನೊಡನೆ ಅಂಗಳಕ್ಕಿಳಿಯಿರಿ. ಹಿತ್ತಲಿಲ್ಲದಿದ್ದರೆ ಜೂನ್ ತಿಂಗಳಲ್ಲೇ ಒಂದು ಕುಂಡದಲ್ಲಿ ಕರ್ಣಕುಂಡಲದ ಬೀಜ ಬಿತ್ತಿರಿ. ಹಬ್ಬದ ವೇಳೆಗೆ ಅದು ಅರಳಿರುತ್ತದೆ. ನೆರೆಮನೆಯ ಬೇಲಿಯಿಂದ ಕೇಳಿ ಕೊಯ್ದರೆ ಹೂವಿನೊಡನೆ ನೆರೆಯವರ ಸ್ನೇಹವೂ ದೊರಕುತ್ತದೆ. ಬುಟ್ಟಿಯಲ್ಲಿ ಗರಿಕೆಯೋ ಜರಿಗಿಡದ ಎಲೆಯೋ ಇದ್ದರೂ ಕುಂದಿಲ್ಲ.

ಹಬ್ಬದಂದು ಹೊಸಅಕ್ಕಿಯ ಕಾಳನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುತ್ತೇವೆ. ದೂರದೇಶದಲ್ಲಿರುವ ಮಕ್ಕಳಿಗೂ ತೆನೆಯ ಪಾಲನ್ನು ಕಳುಹಿಸುತ್ತೇವೆ. ಯಾರೂ ಪಾಲಿಲ್ಲದೆ ಉಳಿಯಬಾರದೆಂಬುದೇ ಆ ಪದ್ಧತಿಯ ತಿರುಳು. ಹೂವಿನ ವಿಷಯದಲ್ಲೂ ಅದೇ ನಿಯಮ ನಡೆಯಲಿ.